ನವಣೆಯೊಳಗೆ ನಿಂತ ಫೋಟೋ

ನಮ್ಮ ನಿಡೋಣಿ ಮನೆಯ ಪಡಸಾಲೆಯಲ್ಲಿ, ಗಡಿಯಾರದ ಕೆಳಗೆ, ನನ್ನದೊಂದು ಫೋಟೋ ಇದೆಯಲ್ಲ, ಅದನ್ನು ನೋಡಿದಾಗಲೆಲ್ಲ ನೀವಿಬ್ಬರೂ ನಗುತ್ತೀರಿ. ತಲೆಯ ಮೇಲಿನ ಸೆರಗು ಜಾರಿದೆ, ಬಾಯಿ ತೆರೆದಿದೆ, ಸೊಂಟದ ಮಟ್ಟಕ್ಕೆ ನವಣೆಯ ತೆನೆ. ಅಜ್ಜಿ ಯಾರನ್ನೋ ಬೈಯುತ್ತಿದ್ದಾಳೆ ಅನ್ನುತ್ತೀರಿ. ನಾನು ಬೈಯುತ್ತಿರಲಿಲ್ಲ. ಏನು ಮಾಡುತ್ತಿದ್ದೆ ಅಂತ ಬಾಯಿಂದ ಹೇಳಲು ಹೋದರೆ ನೀವು ನಡುವೆ ನಗುತ್ತೀರಿ, ನಾನು ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ನಾನು ಓದಿದ್ದು ಊರ ಕನ್ನಡ ಸಾಲೆಯಲ್ಲಿ, ಏಳನೆಯ ಇಯತ್ತೆವರೆಗೆ. ಅಕ್ಷರ ದುಂಡಗಿದ್ದವು. ಆದರೆ ಮಾಸ್ತರು ಎದ್ದು ನಿಂತು ಓದು ಅಂದರೆ ದನಿ ಗಂಟಲಲ್ಲೇ ಉಳಿಯುತ್ತಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಆ ಗುಣಕ್ಕೆ ಇನ್ನಷ್ಟು ಅನುಕೂಲವಾಯಿತು. ಇಲ್ಲಿ ಸೊಸೆಯಂದಿರು ಭಾವನ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ನಿಮ್ಮ ಅಜ್ಜನ ಅಣ್ಣ, ನೀವು ದೊಡ್ಡಜ್ಜ ಅನ್ನುತ್ತೀರಲ್ಲ, ಅವರು ನನಗೆ ಭಾವ. ಅವರ ಮನೆ, ನಮ್ಮ ಮನೆ ಎರಡಕ್ಕೂ ಅಂಗಳ ಒಂದೇ. ಅಂಗಳದ ನಡುವೆ ಎಮ್ಮೆ ಕಟ್ಟುವ ಗೂಟ. ಭಾವನಿಗೆ ಏನಾದರೂ ಹೇಳಬೇಕಾದರೆ ನಾನು ಎಮ್ಮೆಯ ಮೈ ತಿಕ್ಕುತ್ತಾ ಎಮ್ಮೆಗೆ ಹೇಳುತ್ತಿದ್ದೆ. ಅವರೂ ಎಮ್ಮೆಗೇ ಉತ್ತರ ಕೊಡುತ್ತಿದ್ದರು. ನಿಮ್ಮ ಅವ್ವನ ಮದುವೆಯ ಮಾತುಕತೆಯೂ ಅರ್ಧ ಹೀಗೇ ನಡೆದದ್ದು. ಆ ಗೂಟಕ್ಕೆ ಅಜ್ಜಿ ಎಮ್ಮೆ, ಮಗಳೆಮ್ಮೆ, ಮೊಮ್ಮಗಳೆಮ್ಮೆ ಬಂದವು. ನಮ್ಮ ಮನೆತನದ ವ್ಯವಹಾರ ಅವುಗಳಿಗೆ ಗೊತ್ತಿದ್ದಷ್ಟು ಊರಲ್ಲಿ ಯಾರಿಗೂ ಗೊತ್ತಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾಲ್ಕು ಎಕರೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನನ್ನ ಹೆಸರು ಬಂತು. ಹೆಸರು ಬಂತು, ಹೊಲ ಮಾತ್ರ ಭಾವನ ಲಾವಣಿಗೆ ಹೋಯಿತು. ಅಂದರೆ ಬಿತ್ತುವವರು ಅವರು, ಬೆಳೆಯಲ್ಲಿ ಒಂದು ಪಾಲು ನನಗೆ. ಭಾವ ಮೋಸ ಮಾಡುವ ಮನುಷ್ಯರಲ್ಲ. ಪಾಲಿನ ಚೀಲಗಳನ್ನು ತಾವೇ ಹೊತ್ತು ತಂದು ಬಾಗಿಲಲ್ಲಿ ಇಳಿಸುತ್ತಿದ್ದರು. ಆದರೂ ಆ ಎರಡು ವರ್ಷ ಅದೇ ಬದುವಿನ ಮೇಲೆ ನಡೆಯುವಾಗ ಬೇರೆಯವರ ಮನೆಯ ಬಾಗಿಲ ಮುಂದೆ ಹಾಯ್ದಂತೆ ಆಗುತ್ತಿತ್ತು. ಅಷ್ಟು ವರ್ಷ ನಾನೂ ನಿಮ್ಮಜ್ಜನೂ ಜೊತೆಯಲ್ಲಿ ಕಳೆ ಕಿತ್ತ ಹೊಲ ಅದು. ಎಲ್ಲಿ ಕಲ್ಲಿದೆ, ಎಲ್ಲಿ ಎರೆಮಣ್ಣು ಆಳ ಇದೆ ಅಂತ ಕಾಲಿಗೆ ಗೊತ್ತು.

ಮೂರನೆಯ ವರ್ಷ ಮಿರಗದ ಮಳೆ, ಅಂದರೆ ಬಿತ್ತನೆಯ ಮೃಗಶಿರಾ ಮಳೆ, ಚೆನ್ನಾಗಿ ಬಿತ್ತು. ಒಂದು ದಿನ ಓಣಿಯಲ್ಲಿ ಮೈಕು ಕಟ್ಟಿದ ಆಟೋ ಬಂತು. ನವಣೆ, ಸಾವೆಯಂಥ ಸಿರಿಧಾನ್ಯ ಬೆಳೆದ ರೈತರಿಗೆ ಸರಕಾರ ಹೆಕ್ಟೇರಿಗೆ ಇಷ್ಟು ಅಂತ ಪ್ರೋತ್ಸಾಹಧನ ಕೊಡುತ್ತದೆ, ಉತಾರದಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೇ ನೇರ ಜಮಾ ಆಗುತ್ತದೆ ಅಂತ ಕೂಗುತ್ತಾ ಹೋಯಿತು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತೇ ಹೋಯಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ನವಣೆ ನನ್ನ ತವರಿನ ಬೆಳೆ. ನವಣಕ್ಕಿ ಅನ್ನ, ನವಣೆ ಹುಗ್ಗಿ, ನವಣೆ ಉಂಡಿ ತಿಂದೇ ನಾನು ಬೆಳೆದದ್ದು. ಸೋರೆಬುರುಡೆಯಲ್ಲಿ ಬೂದಿ ಬೆರೆಸಿ ಇಟ್ಟ ತವರಿನ ಬೀಜವನ್ನು ಹಿತ್ತಲಲ್ಲಿ ಎರಡು ಸಾಲಾದರೂ ಹಾಕಿ ವರ್ಷಾ ವರ್ಷ ಉಳಿಸಿಕೊಂಡಿದ್ದೆ. ಬಾಕಿ ಬೀಜ ತವರಿನಿಂದ ತಂದರಾಯಿತು. ಮೂರು ದಿನ ಮಾತನ್ನು ಹೊಂದಿಸಿಕೊಂಡು, ನಾಲ್ಕನೆಯ ದಿನ ಬೆಳಿಗ್ಗೆ ಎಮ್ಮೆಯ ಹತ್ತಿರ ಹೋದೆ. ಭಾವ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದರು.

“ಎಮ್ಮೀ, ಈ ವರ್ಷ ಹೊಲದಾಗ ನಾನ ಬಿತ್ತಬೇಕಂತ ಮಾಡೀನಿ. ನವಣಿ ಬಿತ್ತತೀನಿ.”

ಭಾವನ ಕೈ ನಿಂತಿತು. “ಎಮ್ಮೀ, ಹಂಗಂದ್ರ ನಮ್ಮ ಲಾವಣಿ ಮುಗೀತಂತ ಏನು?”

“ಒಂದು ವರ್ಷ ನೋಡತೀನಿ ಎಮ್ಮೀ.”

“ಬಿತ್ತೂದೇನು ದೊಡ್ಡ ಮಾತಲ್ಲ ಎಮ್ಮೀ. ಈಗಿನ ಒಕ್ಕಲುತನ ಅರ್ಧ ಹೊಲದಾಗ, ಅರ್ಧ ಆಫೀಸಿನ್ಯಾಗ. ಅಲ್ಲಿ ಬಾಯಿ ಬೇಕು. ಈಕಿ ಬಾಯಿ ಬಿಟ್ಟಿದ್ದು ನಾ ಒಮ್ಮಿನೂ ಕೇಳಿಲ್ಲ.”

ಒಳಗಿನಿಂದ ಅವರ ಹೆಂಡತಿ, ನನ್ನ ನೆಗೆಣ್ಣಿ, ಅಂದಳು: “ಮೆಲ್ಲಕ ಮಾತಾಡ್ರಿ, ಎಮ್ಮಿ ಹಾಲ ಇಳಸಂಗಿಲ್ಲ ಮತ್ತ.”

ಭಾವ ತಂಬಾಕು ಬಾಯಿಗೆ ಹಾಕಿಕೊಂಡು ಹೇಳಿದರು: “ಆತು. ಆಟೋದಾಗ ಕೂಗಿದ ಆ ಸರಕಾರದ ರೊಕ್ಕ ಈಕಿ ಹೆಸರಿಗೆ ಬರಲಿ. ಬಂತಂದ್ರ ನಾ ಆ ಹೊಲದ ಸುದ್ದಿಗೆ ಬರಂಗಿಲ್ಲ. ಬರಲಿಲ್ಲಂದ್ರ, ಆಫೀಸಿನ ಕೆಲಸ ಈಕಿಗೆ ನೀಗಂಗಿಲ್ಲಂತ ತಿಳಕೊಂಡು, ಮುಂದಿನ ವರ್ಷದಿಂದ ಹೊಲ ನನ್ನ ಲಾವಣಿಗೆ. ತಿಳೀತಿಲ್ಲೋ ಎಮ್ಮೀ?”

“ಹೂಂ ಅನ್ನು ಎಮ್ಮೀ,” ಅಂದೆ ನಾನು. ಎಮ್ಮೆ ಬಾಲ ಬೀಸಿತು. ಅದೇ ಕರಾರು.

ಪಕ್ಕದ ಹೊಲದವಳು ನನ್ನ ಗೆಳತಿ. ಅವರದು ನಮ್ಮೂರ ಹಳೆಯ ಮುಸಲ್ಮಾನರ ಮನೆ. ಅವಳು ಮನೆಯಲ್ಲಿ ಉರ್ದು ಮಾತಾಡುತ್ತಾಳೆ, ಹೊಲದಲ್ಲಿ ಕನ್ನಡ, ಎತ್ತುಗಳ ಜೊತೆ ಎರಡೂ. ನನಗೆ ಇಲ್ಲದ ಬಾಯಿಯನ್ನೂ ದೇವರು ಅವಳಿಗೇ ಕೊಟ್ಟಂತಿದೆ. ಅವಳ ಗಂಡ ಎತ್ತು, ಕೂರಿಗೆ ತಂದ. ಮುಂದೆ ಅವನು ನವಣೆ ಬಿತ್ತುತ್ತಾ ಹೋದ. ನಾನು ಉಡಿಯಲ್ಲಿ ತೊಗರಿ ಕಟ್ಟಿಕೊಂಡು, ಎಂಟು ಸಾಲಿಗೆ ಒಂದು ಸಾಲಿನಂತೆ ತೊಗರಿ ಹಾಕುತ್ತಾ ಹಿಂದೆ ನಡೆದೆ. ಹೊಲದ ಸುತ್ತಲೂ ಬದುವಿನ ಗುಂಟ ಪುಂಡಿ ಬೀಜ ಚೆಲ್ಲಿದೆ. ಇದು ನಮ್ಮ ಕಡೆ ಹೆಂಗಸರ ಪದ್ಧತಿ. ನಡುವೆ ಗಂಡಸರ ಬೆಳೆ ಏನೇ ಇರಲಿ, ಅಂಚಿನ ಪುಂಡಿ ಹೆಂಗಸರದು. ಪಲ್ಯಕ್ಕೂ ಆಯಿತು, ದನ ನುಗ್ಗದಂತೆ ಬೇಲಿಯೂ ಆಯಿತು. ಆ ವರ್ಷ ನಡುವಿನದೂ ನನ್ನದೇ, ಅಂಚಿನದೂ ನನ್ನದೇ. ಬಿತ್ತಿ ಮುಗಿಸಿ ಮನೆಗೆ ಬರುವಾಗ ಕಾಲು ನೆಲಕ್ಕೆ ತಾಗಲಿಲ್ಲ ಅಂದರೆ ನಂಬಿ.

ನವಣೆ ಹುಟ್ಟಿತು, ಎರಡೆಲೆ, ನಾಲ್ಕೆಲೆ. ನಾನು ದಿನಾ ಹೋಗುತ್ತಿದ್ದೆ, ಕೆಲಸ ಇದ್ದರೂ ಇಲ್ಲದಿದ್ದರೂ. ಪುಂಡಿ ಮಾತ್ರ ಸೊಕ್ಕಿನಿಂದ ಬೆಳೆಯಿತು. ನವಣೆ ಮೊಣಕಾಲಿಗೆ ಬರುವಷ್ಟರಲ್ಲಿ ಪುಂಡಿ ನನ್ನ ಹೆಗಲಿಗೆ ಬಂದಿತ್ತು.

ಅಂಥ ಒಂದು ದಿನ ಬೆಳೆ ಸಮೀಕ್ಷೆಯವನು ಬಂದ. ಯಾವ ಹೊಲದಲ್ಲಿ ಏನು ಬೆಳೆ ಅಂತ ಮೊಬೈಲಿನಲ್ಲಿ ಫೋಟೋ ಹಿಡಿದು ಸರಕಾರಕ್ಕೆ ಕಳಿಸುವ ಕೆಲಸ ಅವನದು. ನಮ್ಮೂರವನೇ, ಎರಡು ಮಕ್ಕಳ ತಂದೆ, ಮರ್ಯಾದಸ್ಥ. ಪ್ರೋತ್ಸಾಹಧನ ಯಾರಿಗೆ ಅಂತ ತೀರ್ಮಾನವಾಗುವುದು ಅವನು ಕಳಿಸುವ ಫೋಟೋದಿಂದಲೇ. ಆದರೆ ಅದು ಆಗ ನನಗೆ ಗೊತ್ತಿರಲಿಲ್ಲ. ಆಟೋದ ಮೈಕು ಅಷ್ಟು ಹೇಳಿರಲಿಲ್ಲ, ಅಥವಾ ರೊಟ್ಟಿ ಕರಕಾದ ಗಡಿಬಿಡಿಯಲ್ಲಿ ನಾನು ಕೇಳಿಸಿಕೊಂಡಿರಲಿಲ್ಲ.

ನಾನೊಬ್ಬಳೇ ಪುಂಡಿ ಸೊಪ್ಪು ಕೊಯ್ಯುತ್ತಿದ್ದೆ. ಬದುವಿನ ಮೇಲೆ ಕೆಮ್ಮಿದ ಸಪ್ಪಳ ಬಂತು. ಸೆರಗು ಎಳೆದುಕೊಂಡು ಪುಂಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

“ಹೊಲದಾಗ ಯಾರದೀರಿ?”

ನಾನು ಉಸಿರು ಬಿಡಲಿಲ್ಲ.

“ಅಮ್ಮಾರ, ಏನು ಬಿತ್ತೀರಿ?”

“ನವಣಿ,” ಅಂದೆ. ಪುಂಡಿಗೆ ಕೇಳಿಸಿರಬೇಕು, ಅವನಿಗೆ ಕೇಳಿಸಲಿಲ್ಲ.

ಅವನು ಇನ್ನೊಮ್ಮೆ ಕೆಮ್ಮಿದ. ನಮ್ಮ ಕಡೆ ಹೆಣ್ಣುಮಗಳು ಒಬ್ಬಳೇ ಇರುವ ಹೊಲದೊಳಗೆ ಬೇರೆ ಮನೆಯ ಗಂಡಸು ಕಾಲಿಡುವುದಿಲ್ಲ. ಅದೂ ನಾನು ಗಂಡನನ್ನು ಕಳೆದುಕೊಂಡವಳು. ಬದುವಿನ ಮೇಲೇ ನಿಂತು, ಕೈ ಚಾಚಿ ಎರಡು ಫೋಟೋ ಹಿಡಿದ. “ಬರತೀನ್ರಿ ಅಮ್ಮಾರ,” ಅಂತ ಹೊರಟುಹೋದ. ಎಷ್ಟು ಒಳ್ಳೆಯ ಮನುಷ್ಯ, ಮಾತಾಡಿಸಿ ತೊಂದರೆ ಕೊಡಲಿಲ್ಲ ಅಂತ ನಾನು ಅವನನ್ನು ಮನಸ್ಸಿನಲ್ಲೇ ಹರಸಿದೆ.

ತೆನೆ ಬಾಗುವ ಹೊತ್ತಿಗೆ ಪಂಚಾಯತಿಯ ಗೋಡೆಗೆ ಬೆಳೆ ಯಾದಿ, ಯಾರ ಹೊಲಕ್ಕೆ ಯಾವ ಬೆಳೆ ಅನ್ನುವ ಪಟ್ಟಿ, ಹಚ್ಚಿದರು. ಗೆಳತಿ ತಮ್ಮದು ನೋಡಲು ಹೋದವಳು ನನ್ನದನ್ನೂ ನೋಡಿಕೊಂಡು ಹೊಲಕ್ಕೇ ಓಡಿ ಬಂದಳು.

“ಯಕ್ಕಾ, ನೀ ಬಿತ್ತಿದ್ದು ಏನ ಬೇ?”

“ನವಣಿ. ನಿನ್ನ ಗಂಡನ ಬಿತ್ಯಾನಲ್ಲ.”

“ಯಾದ್ಯಾಗ ನಿನ್ನ ಹೊಲಕ್ಕ ತೊಗರಿ ಅಂತ ಬರದಾರ. ನವಣಿ ಸುದ್ದೀನ ಇಲ್ಲ.”

ತೊಗರಿಗೆ ಆ ಪ್ರೋತ್ಸಾಹಧನ ಇಲ್ಲ. ಪ್ರೋತ್ಸಾಹಧನ ಇಲ್ಲದಿದ್ದರೆ ಎಮ್ಮೆಯ ಮುಂದೆ ಆದ ಕರಾರಿನಂತೆ ಹೊಲವೂ ಇಲ್ಲ. ಇಬ್ಬರೂ ಸಮೀಕ್ಷೆಯವನ ಮನೆಗೆ ಹೋದೆವು. ಅವನು ಮೊಬೈಲ್ ತೆಗೆದು ಫೋಟೋ ತೋರಿಸಿದ. ಮುಂದೆ ಗೋಡೆಯಂತೆ ಪುಂಡಿ, ಅದರ ಸಂದಿಯಲ್ಲಿ ಇಣುಕುವ, ಅಂಚಿನ ಸಾಲಿನ ತೊಗರಿಯ ತುದಿಗಳು. ಮೂಲೆಯಲ್ಲಿ ಎಲೆಗಳ ನಡುವೆ ನನ್ನ ಸೀರೆಯ ಅಂಚು.

ಅವನ ಮುಖ ಸಣ್ಣದಾಯಿತು. “ನೀವು ಒಬ್ಬಾಕೇ ಇದ್ರಿ ಅಂತ ನಾ ಒಳಗ ಬರಲಿಲ್ರಿ ಅಮ್ಮಾರ.”

ಗೆಳತಿ ಅವನನ್ನೂ ನೋಡಿದಳು, ನನ್ನನ್ನೂ ನೋಡಿದಳು. “ಛಲೋ ಆತು. ನೀ ನಾಚಿಕೊಂಡಿ, ಈಕಿ ನಾಚಿಕೊಂಡಳು, ನಡುವ ಪುಂಡಿ ಒಂದ ನಾಚಲಾರದ ನಿಂತು ಫೋಟೋ ತೆಗಿಸಿಕೊಂತು.”

ಕಳಿಸಿದ ಫೋಟೋ ಈಗ ತನ್ನ ಕೈಯಲ್ಲಿಲ್ಲ ಅಂದ ಅವನು. ಬಬಲೇಶ್ವರದ ಕೃಷಿ ಆಫೀಸಿನಲ್ಲಿ ಆಕ್ಷೇಪಣೆ ಅರ್ಜಿ ಕೊಡಬೇಕು, ಅದೂ ವಾರದೊಳಗೆ, ಹೊಲದ ಮಾಲೀಕರೇ ಖುದ್ದು ಹೋಗಬೇಕು.

ಆ ಸಂಜೆ ಎಮ್ಮೆಯ ಹತ್ತಿರ ನಾನು ಏನೂ ಹೇಳಲಿಲ್ಲ. ಭಾವನಿಗೆ ಹೇಗೋ ಗೊತ್ತಾಗಿತ್ತು. “ಎಮ್ಮೀ, ಬೇಕಾದ್ರ ನಾ ಹೋಗಿ ಮಾತಾಡಿ ಬರತೀನಿ,” ಅಂದರು. ಆ ಮಾತಿನಲ್ಲಿ ಚೇಷ್ಟೆ ಇರಲಿಲ್ಲ, ನಿಜವಾಗಿ ಸಹಾಯಕ್ಕೇ ಬಂದಿದ್ದರು. ಅದೇ ಕಷ್ಟ. ಒಪ್ಪಿದರೆ ಹೊಲ ಉಳಿಯಬಹುದು, ಆದರೆ ನನಗೆ ನೀಗುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. “ಬ್ಯಾಡ ಅನ್ನು ಎಮ್ಮೀ,” ಅಂದೆ. ಭಾವ ತಲೆ ಎತ್ತಿ ಎಮ್ಮೆಯನ್ನು ನೋಡಿದರು. ಅದರ ಆಚೆ ನಿಂತ ನನ್ನನ್ನೂ ನೋಡಿದರೇನೋ.

ಮರುದಿನ ಬಸ್ಸು ಹತ್ತುವ ಮುನ್ನ ಹೊಲಕ್ಕೆ ಹೋಗಿ ಎಂಟು ಹತ್ತು ತೆನೆ ಮುರಿದುಕೊಂಡು ಕೈಚೀಲದಲ್ಲಿ ಇಟ್ಟುಕೊಂಡೆ. ಗೆಳತಿ ಜೊತೆಗೆ ಬಂದಳು. ದಾರಿಯುದ್ದಕ್ಕೂ ನಾನು ಮಾತನ್ನು ಒಳಗೇ ಹೇಳಿಕೊಳ್ಳುತ್ತಿದ್ದೆ, ಸಾಲೆಯಲ್ಲಿ ಪದ್ಯ ಬಾಯಿಪಾಠ ಮಾಡಿದಂತೆ. ಬಬಲೇಶ್ವರದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಎಲ್ಲವೂ ಮರೆತುಹೋಯಿತು.

ಆಫೀಸಿನಲ್ಲಿ ಮೇಜಿನ ಆಚೆ ಒಬ್ಬ ಹೆಣ್ಣು ಅಧಿಕಾರಿ. ಎಲ್ಲರೂ ಮೇಡಂ ಅನ್ನುತ್ತಿದ್ದರು. ನನ್ನ ಸರದಿ ಬಂತು. ಗೆಳತಿ ಶುರು ಮಾಡಿಯೇಬಿಟ್ಟಳು: “ನೋಡ್ರಿ ಮೇಡಂ, ಈಕಿ ಹೊಲದಾಗ ನವಣಿ ಐತಿ, ನೀವು ತೊಗರಿ ಅಂತ ಬರಕೊಂಡೀರಿ...”

“ಹೊಲ ನಿಮ್ಮದಾ?” ಅಂದರು ಮೇಡಂ.

“ನಂದಲ್ರಿ, ಈಕಿದು.”

“ಹಾಗಾದರೆ ಅವರೇ ಹೇಳಲಿ.”

ಗೆಳತಿ ಬಾಯಿ ಮುಚ್ಚಿದಳು. ಅವಳು ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹಿಂದೆ ನಿಂತ ಮಂದಿಯ ಕಣ್ಣೆಲ್ಲ ನನ್ನ ಬೆನ್ನಿಗೆ ನೆಟ್ಟಿವೆ ಅನ್ನಿಸಿತು. ಏನೂ ತೋಚದೆ ಕೈಚೀಲಕ್ಕೆ ಕೈ ಹಾಕಿ ತೆನೆಗಳನ್ನು ತೆಗೆದು ಮೇಜಿನ ಮೇಲೆ ಇಟ್ಟೆ. ಬಸ್ಸಿನ ನೂಕಾಟದಲ್ಲಿ ಉದುರಿದ್ದ ಕಾಳು ಅವರ ಕಾಗದಗಳ ಮೇಲೆಲ್ಲ ಹಳದಿಯಾಗಿ ಹರಡಿತು. ನಾನು ಗಾಬರಿಯಿಂದ ಬಳಿಯಲು ಹೋದೆ.

“ಇರಲಿ ಬಿಡಿ,” ಅಂದರು ಅವರು. ಒಂದು ತೆನೆ ಎತ್ತಿ ನೋಡಿದರು. “ಚೆನ್ನಾಗಿ ತುಂಬಿದೆ. ಯಾವ ಬೀಜ?”

ಯಾವ ಬೆಳೆ ಅಂತ ಕೇಳಿದ್ದರೆ ನಾನು ಒಂದೇ ಮಾತು ಹೇಳುತ್ತಿದ್ದೆನೇನೋ. ಬೀಜದ ಬಗ್ಗೆ ಕೇಳಿದರು ನೋಡಿ, ಅಲ್ಲಿಗೆ ಕಟ್ಟೆ ಒಡೆಯಿತು. “ನಮ್ಮ ತವರಿನ ಬೀಜರಿ. ಸೋರೆಬುರುಡ್ಯಾಗ ಬೂದಿ ಹಾಕಿ ಇಟ್ಟಿದ್ದರಿ. ನಾಲ್ಕು ಎಕರೆ ಬಿತ್ತೀನ್ರಿ. ಎಂಟು ಸಾಲಿಗೆ ಒಂದು ಸಾಲು ತೊಗರಿ, ಸುತ್ತ ಪುಂಡಿ. ಆ ಸಾಹೇಬ್ರು ಬಂದಾಗ ನಾ ಪುಂಡಿ ಹಿಂದ ಕುಂತುಬಿಟ್ಟೆ. ತಪ್ಪು ನಂದರಿ, ಅವರದಲ್ಲ. ಆದರ ಹೊಲದಾಗ ಇರೂದು ನವಣಿರಿ.”

ಮೇಡಂ ನಗಲಿಲ್ಲ. ಅರ್ಜಿಯ ಕಾಗದ ಕೊಟ್ಟರು. “ಬರೆಯೋಕೆ ಬರುತ್ತಾ?” ನಾನು ಅಲ್ಲೇ ನಿಂತು ಬರೆದೆ. ಓದಿ, “ಅಕ್ಷರ ಮುತ್ತಿನ ಹಾಗಿವೆಯಲ್ಲ,” ಅಂದರು. “ನಾನೇ ಬಂದು ನೋಡುತ್ತೇನೆ. ಎಂಟು ಹತ್ತು ದಿನ ಆಗಬಹುದು. ಅಲ್ಲಿತನಕ ಕೊಯ್ಯಬೇಡಿ. ಕೊಯ್ದರೆ ನನಗೆ ಕಾಣೋದು ತೊಗರಿ ಮಾತ್ರ.”

ಹಿಂದಿರುಗುವಾಗ ಬಸ್ಸಿನಲ್ಲಿ ಗೆಳತಿ ಅಂದಳು, “ಯಕ್ಕಾ, ಇಷ್ಟು ದಿನ ಈ ಮಾತೆಲ್ಲ ಎಲ್ಲಿಟ್ಟಿದ್ದಿ? ಸೋರೆಬುರುಡ್ಯಾಗೇನು?”

ಎಂಟು ಹತ್ತು ದಿನ ಅನ್ನುವುದು ಹೇಳಲು ಸುಲಭ. ತೆನೆ ಆಗಲೇ ಬಲಿತಿತ್ತು. ದಿನಕ್ಕೊಂದು ಗುಂಪು ಹೆಚ್ಚುತ್ತಾ ಗುಬ್ಬಿ ಬಂದವು. ಆ ಸುತ್ತಲಲ್ಲಿ ನವಣೆ ಇದ್ದದ್ದು ನನ್ನದೊಂದೇ ಹೊಲ, ಸುದ್ದಿ ಗುಬ್ಬಿಗಳಿಗೆಲ್ಲ ಮುಟ್ಟಿತ್ತು. ಸಂಜೆಯಾದರೆ ತಿಕೋಟಾ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು. ಒಂದು ಜೋರು ಮಳೆ ಬಿದ್ದರೆ ತೆನೆ ನೆಲಕ್ಕೆ. ಭಾವ ಎಮ್ಮೆಗೆ ಹೇಳಿದರು: “ಎಮ್ಮೀ, ಕೊಯ್ಯಲಿಲ್ಲಂದ್ರ ಗುಬ್ಬಿ ಪಾಲು. ಕೊಯ್ದರ ರೊಕ್ಕ ಹೋತು. ಇದಕ್ಕೇನು ಮಾಡತಾಳಂತ?”

“ಕಾಯತೀನಿ ಅನ್ನು ಎಮ್ಮೀ.”

ಮುಂಜಾನೆಯಿಂದ ಹೊತ್ತು ಮುಳುಗುವತನಕ ಹೊಲದ ನಡುವೆ ನಿಂತೆ. ಒಡೆದ ಡಬ್ಬಿ ಬಾರಿಸಿದೆ. ಡಬ್ಬಿಗೆ ಗುಬ್ಬಿ ಎರಡು ದಿನ ಹೆದರಿದವು, ಮೂರನೆಯ ದಿನ ಅಲ್ಲೇ ಕೂತು ಕೇಳತೊಡಗಿದವು. ಬಾಯಿಂದ ಕೂಗಲೇಬೇಕಾಯಿತು. ಮೊದಮೊದಲು ಸುತ್ತ ಯಾರಿದ್ದಾರೆ ಅಂತ ನೋಡಿಕೊಂಡು ಕೂಗುತ್ತಿದ್ದೆ. “ಹೋಗ್ರಿ... ಹೋಗ್ರಿ...”

ಪಕ್ಕದ ಹೊಲದಲ್ಲಿ ಗೆಳತಿ ಸೊಂಟ ಹಿಡಿದುಕೊಂಡು ನಕ್ಕಳು. “ಯಕ್ಕಾ, ಗುಬ್ಬಿಗೂ ರೀ ಹಚ್ಚತೀಯಲ್ಲ ಬೇ! ಅವೇನು ನಿನ್ನ ಬೀಗರೇನು? ಹಿಂಗ ಕರದರ ಕುಂತು ಚಾ ಕುಡಿದು ಹೋಗತಾವ.”

ನಾಲ್ಕು ದಿನಕ್ಕೆ ರೀ ಹೋಯಿತು. ಆರು ದಿನಕ್ಕೆ ನಾಚಿಕೆ ಹೋಯಿತು. “ಹೋಯ್” ಅಂತ ನಾನು ಕೂಗಿದರೆ ಇನ್ನೊಂದು ಮಗ್ಗುಲಿಗಿದ್ದ ಭಾವನ ಹೊಲದ ಎತ್ತು ಕಿವಿ ನಿಮಿರಿಸುತ್ತಿದ್ದವು. ನಿಮಗೆ ಹೇಗೆ ಹೇಳಲಿ, ಅದರಲ್ಲಿ ಒಂದು ಸುಖವಿತ್ತು. ನನ್ನ ದನಿ ಅಷ್ಟು ದೂರ ಹೋಗುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಕೂಗಿದ ಮೇಲೆ ಹೊಲ ಒಂದು ಕ್ಷಣ ಸ್ತಬ್ಧವಾಗಿ, ಆಮೇಲೆ ನೂರಾರು ರೆಕ್ಕೆಗಳು ಒಟ್ಟಿಗೆ ಏಳುತ್ತಿದ್ದವು. ಮನೆಗೆ ಬಂದು ಮಲಗಿದರೂ ಕಿವಿಯಲ್ಲಿ ಅದೇ ಸಪ್ಪಳ. ಯಾವಾಗ ಬೆಳಗಾದೀತು, ಯಾವಾಗ ಹೊಲಕ್ಕೆ ಹೋದೇನು ಅನ್ನಿಸುತ್ತಿತ್ತು.

ಒಂಬತ್ತನೆಯ ದಿನ ಊಟದ ಹೊತ್ತಿಗೆ ಬದುವಿನ ದಾರಿಯಲ್ಲಿ ಧೂಳು ಎದ್ದಿತು. ಸಮೀಕ್ಷೆಯವನ ಮೋಟಾರ್ ಸೈಕಲ್, ಅದರ ಹಿಂದೆ ಮೇಡಂ ಅವರ ಸ್ಕೂಟರ್. ನಾನು ಹೊಲದ ನಟ್ಟನಡುವೆ ಇದ್ದೆ. ಇಬ್ಬರೂ ಬದುವಿನ ಮೇಲೆ ಬಂದು ನಿಂತರು. ಮೇಡಂ ಪುಂಡಿಯನ್ನು ಮೇಲಿಂದ ಕೆಳಗೆ ನೋಡಿ, ಚೀಲದಿಂದ ಮೊಬೈಲ್ ತೆಗೆದು ಅಲ್ಲಿಂದಲೇ ಎತ್ತಿ ಹಿಡಿದರು.

ಮತ್ತೆ ಅದೇ ಜಾಗ, ಅದೇ ಪುಂಡಿ. ನನ್ನ ಎದೆ ಬಾಯಿಗೆ ಬಂತು. ಬಾಯಿಗೆ ಬಂದದ್ದು ಅಲ್ಲಿ ನಿಲ್ಲಲಿಲ್ಲ.

“ಅಲ್ಲಿಂದ ಬ್ಯಾಡ್ರೀ! ಒಳಗ ಬರ್ರೀ!”

ಗುಬ್ಬಿಗಳೆಲ್ಲ ಎದ್ದವು. ತಮ್ಮ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ ಭಾವ ಎತ್ತು ನಿಲ್ಲಿಸಿ ತಿರುಗಿ ನೋಡಿದರು. ಬದುವಿನ ಮೇಲೆ ಸಮೀಕ್ಷೆಯವನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಮೇಡಂ ಮೊಬೈಲ್ ಕೆಳಗಿಳಿಸಿ, ಪುಂಡಿಯನ್ನು ಎರಡೂ ಕೈಯಿಂದ ಸರಿಸುತ್ತಾ ಒಳಗೆ ಬಂದರು. ಅವನು ಅಲ್ಲೇ ಅನುಮಾನಿಸುತ್ತಾ ನಿಂತಿದ್ದ. “ನೀವೂ ಬರ್ರಿ,” ಅಂತ ಅವನನ್ನೂ ಕರೆದೆ.

ಆಮೇಲೆ ನಾನು ಬಾಯಿ ಮುಚ್ಚಲಿಲ್ಲ. ಇದು ನೋಡ್ರಿ ತೊಗರಿ ಸಾಲು, ಎಣಸ್ರಿ ನಡುವಿನ ಸಾಲು, ಎಂಟು ಅದಾವಿಲ್ಲ? ಈ ತೆನೆ ನೋಡ್ರಿ, ಇದರ ತೂಕ ನೋಡ್ರಿ. ಇಲ್ಲಿ ಎರೆ ಆಳ ಐತಿ, ಅಲ್ಲಿ ಕಲ್ಲೈತಿ, ಅಲ್ಲಿ ಸ್ವಲ್ಪ ಗಿಡ್ಡ. ಮೇಡಂ ನಡೆದ ಕಡೆ ನಾನೂ ನಡೆದೆ, ಮುಂದೆ ನಾನೇ. ಸೆರಗು ಎಲ್ಲಿ ಜಾರಿತೋ ನೆನಪಿಲ್ಲ. “ಇಲ್ಲೇ ನಿಂತುಕೊಳ್ಳಿ, ನಿಮ್ಮ ಸಮೇತ ತೆಗೀತೀನಿ,” ಅಂದರು. ನಿಂತೆ, ಆದರೆ ಮಾತು ನಿಲ್ಲಲಿಲ್ಲ. ಅಷ್ಟರಲ್ಲಿ ಗೆಳತಿಯೂ ಓಡಿ ಬಂದು ತನ್ನ ಮೊಬೈಲಿನಲ್ಲಿ ಒಂದು ಹಿಡಿದಳು. ಗಡಿಯಾರದ ಕೆಳಗೆ ಇರುವುದು ಅವಳು ಹಿಡಿದದ್ದು. ಅಜ್ಜಿ ಬೈಯುತ್ತಿಲ್ಲ ಮಕ್ಕಳೇ, ಮಾತಾಡುತ್ತಿದ್ದಾಳೆ.

ಮರುದಿನವೇ ಆಳು ಹಚ್ಚಿ ಕೊಯ್ದೆವು. ಗುಬ್ಬಿ ತಿಂದಷ್ಟು ತಿಂದಿದ್ದವು, ಬದುವಿನ ಗುಂಟ ತೆನೆಗಳು ಹಲ್ಲು ಉದುರಿದ ಹಾಗೆ ಇದ್ದವು. ಉಳಿದದ್ದು ನನಗೆ ಬೇಕಾದಷ್ಟಾಯಿತು. ರಾಶಿಯಾಗಿ ಚೀಲ ಮನೆಗೆ ಬಂದ ಮೂರನೆಯ ದಿನ ಮಳೆ ಸುರಿಯಿತು. ನಾನು ಬಾಗಿಲಲ್ಲಿ ನಿಂತು ಆ ಮಳೆಯನ್ನು ಕಣ್ತುಂಬ ನೋಡಿದೆ.

ಯಾದಿಯಲ್ಲಿ ನವಣೆ ಅಂತ ತಿದ್ದಿ ಬಂತು. ಹಣ ಮಾತ್ರ ಬರಲಿಲ್ಲ. ತೊಗರಿ ಕೊಯ್ದೆ, ಎಳ್ಳಮವಾಸಿಗೆ ಹೊಲದಲ್ಲಿ ಭೂತಾಯಿಯ ಎಡೆಯ ಚರಗ ಚೆಲ್ಲಿದೆ, ಸಂಕ್ರಮಣ ಹೋಯಿತು. ಭಾವ ಕೇಳಲಿಲ್ಲ. ಕೇಳದೇ ಇರುವುದೂ ಒಂದು ಕೇಳುವುದೇ ಅಂತ ನನಗೆ ಗೊತ್ತಿತ್ತು. ಯುಗಾದಿಗೆ ಹೊಸ ಲಾವಣಿ ಮಾತಾಡುವುದು ರೂಢಿ. ಯುಗಾದಿ ಹತ್ತಿರ ಬಂದಿತ್ತು.

ಮುಂದಿನದು ನಿಮಗೂ ಸ್ವಲ್ಪ ನೆನಪಿರಬೇಕು. ನಾನು ತಿಕೋಟಾಕ್ಕೆ, ನಿಮ್ಮ ಮನೆಗೆ ಬಂದಿದ್ದೆ. ಮಣೂಕದ ಸುಗ್ಗಿ, ದ್ರಾಕ್ಷಿ ಒಣಗಿ ಶೆಡ್ಡಿನಿಂದ ಇಳಿಯುತ್ತಿತ್ತು. ನಿಮ್ಮ ಅವ್ವ, ನಾನು, ಇನ್ನೂ ನಾಲ್ಕೈದು ಹೆಂಗಸರು ಕೂತು ಮಣೂಕ ಆರಿಸುತ್ತಿದ್ದೆವು. ನೀವಿಬ್ಬರೂ ಆರಿಸಿದ್ದನ್ನು ತಿನ್ನುವ ಕೆಲಸ ಮಾಡುತ್ತಿದ್ದಿರಿ. ನನ್ನ ಚೀಲದಲ್ಲಿ ಮೊಬೈಲ್ ಟಿಣ್ ಅಂದಿತು. ಕಂಪನಿಯವರದು ಇರಬೇಕು ಅಂತ ಬಿಟ್ಟೆ. “ಅಜ್ಜಿ, ನೋಡು, ಯಾರೋ ಬರದಾರ,” ಅಂತ ನಿಮ್ಮಲ್ಲಿ ಸಣ್ಣವಳು ಮೊಬೈಲ್ ತಂದು ಕೈಗೆ ಕೊಟ್ಟಳು. ಬೆರಳಿಗೆ ಮಣೂಕದ ಅಂಟು. ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದಿದೆ. ಒಮ್ಮೆ ಓದಿದರೆ ನಂಬಿಕೆ ಬರಲಿಲ್ಲ. ಮೂರು ಸಲ ಓದಿದೆ. ನನ್ನ ಖಾತೆ, ಸಿರಿಧಾನ್ಯದ ಪ್ರೋತ್ಸಾಹಧನ, ಜಮಾ.

ನಿಮ್ಮ ಅವ್ವ “ಏನಾತಬೇ ಯವ್ವಾ?” ಅಂದಳು. ನನಗೆ ಹೇಳಲು ಆಗಲಿಲ್ಲ. ಆರು ತಿಂಗಳು ಗಳಿಸಿದ ಬಾಯಿ ಆ ಗಳಿಗೆಗೆ ಕೈಕೊಟ್ಟಿತು. ಮೊಬೈಲ್ ಅವಳ ಕೈಗೆ ಕೊಟ್ಟು, ಒಂದು ಬೊಗಸೆ ಮಣೂಕ ತೆಗೆದು ನಿಮ್ಮಿಬ್ಬರ ಉಡಿಗೆ ಸುರಿದೆ. ಆರಿಸಿದ ಮಣೂಕ, ಒಂದನೆಯ ನಂಬರಿನದು. ನಿಮ್ಮಪ್ಪ ನೋಡಿಯೂ ನೋಡದಂತೆ ಆ ಕಡೆ ಹೋದರು.

ಅಲ್ಲಿಂದ ನೇರವಾಗಿ ವಿಜಯಪುರದ ಬಸ್ಸು ಹತ್ತಿದೆ. ಗೆಳತಿಗೆ ಫೋನ್ ಮಾಡಿ ಬರಹೇಳಿದ್ದೆ, ಅವಳು ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಬ್ಯಾಂಕಿನಲ್ಲಿ ಪಾಸ್‌ಬುಕ್ ಯಂತ್ರದಿಂದ ಕಿರ್ರ್ ಅಂತ ಹೊರಬಂತು, ಅದರಲ್ಲಿಯೂ ಅದೇ ಇತ್ತು. ಅಲ್ಲಿಂದ ಗಾಂಧಿ ಚೌಕಕ್ಕೆ ನಡೆದೆವು. ಆಟೋಗಳ ನಡುವೆ ದಾರಿ ಮಾಡಿಕೊಂಡು ಹೋಗುವಾಗ ಗೆಳತಿ ಕೇಳಿದಳು, “ಸೀರಿ ತಗೋತೀಯೇನು?”

“ಮೊದಲ ಫೋಟೋ,” ಅಂದೆ.

ಫೋಟೋದಂಗಡಿಯವನು ಅವಳ ಮೊಬೈಲ್ ನೋಡಿ, “ಇದರಾಗ ಬಾಯಿ ಬಿಟ್ಟೀರಿ ಅಮ್ಮಾ. ಬ್ಯಾರೆ ಇಲ್ಲೇನ್ರಿ, ಸುಮ್ಮನ ನಿಂತಿದ್ದು?” ಅಂದ. “ಸುಮ್ಮನ ನಿಂತಿದ್ದು ಬ್ಯಾಡ. ಇದನ್ನ ದೊಡ್ಡದು ಮಾಡಿ ಕೊಡ್ರಿ,” ಅಂದೆ. ಗೆಳತಿಗೆ ಒಂದು ಕುಪ್ಪಸದ ಬಟ್ಟೆ, ಅವಳ ಗಂಡನಿಗೆ ಒಂದು ಟವೆಲು, ಎಮ್ಮೆಗೆ ಒಂದು ಹೊಸ ಹಗ್ಗ ಕೊಂಡೆ. ಅಂಗಡಿಯವರು ಹಗ್ಗ ಎಷ್ಟು ಉದ್ದ ಬೇಕು ಅಂತ ಕೇಳಿದರೆ ನಾನೇ ಜೋರಾಗಿ ಹೇಳಿದೆ.

ಊರಿಗೆ ಬಂದಾಗ ಸಂಜೆಯಾಗಿತ್ತು. ಭಾವ ಕಟ್ಟೆಯ ಮೇಲೆ ಕೂತಿದ್ದರು. ಪಾಸ್‌ಬುಕ್ಕನ್ನು ಅವರ ಪಕ್ಕ ಇಟ್ಟು, ಎಮ್ಮೆಯ ಹತ್ತಿರ ಹೋಗಿ ಹಳೆಯ ಹಗ್ಗ ಬಿಚ್ಚತೊಡಗಿದೆ. ಭಾವ ಪಾಸ್‌ಬುಕ್ ತೆರೆದು, ದೂರ ಹಿಡಿದು, ಹತ್ತಿರ ಹಿಡಿದು ಓದಿದರು. ಆಮೇಲೆ ಎಂದಿನಂತೆ ಶುರು ಮಾಡಿದರು.

“ಎಮ್ಮೀ, ಮಾತಂದ್ರ ಮಾತು. ಆ ಹೊಲದ ಸುದ್ದಿಗೆ ನಾ ಬರಂಗಿಲ್ಲ.”

ಎಮ್ಮೆ ಹೊಸ ಹಗ್ಗ ಮೂಸುತ್ತಿತ್ತು.

“ಮತ್ತ ಎಮ್ಮೀ,” ಅಂದು ಭಾವ ತಡೆದರು. ಅವರಿಗೂ ನಾಚಿಕೆ ಅನ್ನುವುದು ಇರುತ್ತದೆ ಅಂತ ನನಗೆ ಅಂದೇ ಗೊತ್ತಾದದ್ದು. “ಆಕಿ ಕಡೆ ತವರಿನ ಬೀಜ ಐತಂತಲ್ಲ. ನಂದೂ ಮ್ಯಾಲಿನ ಪಟ್ಟಿಯೊಳಗ ಎರಡು ಎಕರೆ ನವಣಿ ಹಾಕಿ ನೋಡಬೇಕಂತ ಮಾಡೀನಿ. ಬೀಜ ಕೊಟ್ಟಾಳೇನಂತ ಕೇಳು.”

ನಾನು ಗೂಟಕ್ಕೆ ಗಂಟು ಹಾಕಿ ಮುಗಿಸಿದೆ. ಕೈ ಒರೆಸಿಕೊಂಡು, ಎಮ್ಮೆಯನ್ನು ಬಳಸಿ ಈ ಕಡೆ ಬಂದೆ. ಕಟ್ಟೆಗೆ ನಾಲ್ಕು ಮಾರು ದೂರದಲ್ಲಿ ನಿಂತು ಅವರ ಮುಖ ನೋಡಿದೆ.

“ಕೊಡತೀನ್ರಿ ಭಾವಾರ. ಆದ್ರ ಸಮೀಕ್ಷೆಯವರು ಬಂದಾಗ ಒಳಗ ಕರೀರಿ.”

ಭಾವ ನನ್ನನ್ನು ನೋಡಿದರು, ಎಮ್ಮೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಬಾಗಿಲಲ್ಲಿ ನೆಗೆಣ್ಣಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

“ಕರೀತೀನವಾ,” ಅಂದರು ಭಾವ.

ಒಳಗೆ ಹೋಗಿ ಸೋರೆಬುರುಡೆ ತಂದೆ.